ಸ್ತಬ್ಧವಲ್ಲದ ಚಿತ್ರಗಳು: ಯಂಗ್ ಕೋಷ್ಟಕಗಳ ಎಣಿಕೆಯೂ ಸಮಮಿತಿಯೂ

(ಗಣಿತದ ವಿದ್ಯಾರ್ಥಿಗಳೂ ಆಸಕ್ತರೂ ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಹಲಗೆಯ ಮೇಲೆ ಬರೆದ ಚಿತ್ರಗಳನ್ನು ಇಲ್ಲಿ ಅಂಕಿಗಳ ಸಾಲುಗಳಾಗಿ ಕೊಟ್ಟಿದ್ದೇನೆ.)

ಶಾಲೆಯ ವರ್ಷಾಂತ್ಯದ ಗುಂಪು ಫೋಟೋದಿಂದ ಶುರು ಮಾಡೋಣ. ಆರು ಮಕ್ಕಳಿದ್ದಾರೆ, ಒಬ್ಬೊಬ್ಬರ ಎತ್ತರವೂ ಬೇರೆ. ಮೂವರು ಮುಂದಿನ ಸಾಲಿನಲ್ಲಿ, ಮೂವರು ಹಿಂದಿನ ಸಾಲಿನಲ್ಲಿ ನಿಲ್ಲಬೇಕು. ಫೋಟೋ ತೆಗೆಯುವವರು ಎರಡು ನಿಯಮ ಹಾಕುತ್ತಾರೆ. ಪ್ರತಿ ಸಾಲಿನಲ್ಲೂ ಎಡದಿಂದ ಬಲಕ್ಕೆ ಎತ್ತರ ಏರುತ್ತಾ ಹೋಗಬೇಕು. ಪ್ರತಿಯೊಬ್ಬರ ಬೆನ್ನ ಹಿಂದೆ ನಿಂತವರು ಅವರಿಗಿಂತ ಎತ್ತರವಿರಬೇಕು, ಇಲ್ಲದಿದ್ದರೆ ಮುಖ ಕಾಣುವುದಿಲ್ಲ. ಎಷ್ಟು ಬಗೆಯಲ್ಲಿ ನಿಲ್ಲಿಸಬಹುದು? ಗಿಡ್ಡ ಮಗುವಿಗೆ 1, ಎತ್ತರದ ಮಗುವಿಗೆ 6 ಎಂದು ಹೆಸರಿಟ್ಟು, ಮುಂದಿನ ಸಾಲನ್ನು ಮೇಲೆ, ಹಿಂದಿನದನ್ನು ಕೆಳಗೆ ಬರೆದರೆ ಐದೇ ಬಗೆ:

1 2 3  |  1 2 4  |  1 2 5  |  1 3 4  |  1 3 5
4 5 6  |  3 5 6  |  3 4 6  |  2 5 6  |  2 4 6

ಹತ್ತು ಮಕ್ಕಳನ್ನು ಐದೈದರ ಎರಡು ಸಾಲಾಗಿ ನಿಲ್ಲಿಸಿದರೆ 42 ಬಗೆ. ಯಾವ ನಿಯಮವೂ ಇಲ್ಲದಿದ್ದರೆ 36,28,800 ಬಗೆಯಲ್ಲಿ ನಿಲ್ಲಬಹುದಿತ್ತು. ಅಷ್ಟೊಂದು ಸಾಧ್ಯತೆಗಳಲ್ಲಿ ನಿಯಮ ಪಾಲಿಸುವವು ಬರೀ 42 ಎಂದು, ಒಂದೊಂದನ್ನೂ ಬರೆದು ನೋಡದೆ ಹೇಳುವುದು ಹೇಗೆ ಎಂಬುದಕ್ಕೆ ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆ.

ಸಾಲುಗಳು ಸಮವಾಗಿರಲೇಬೇಕೆಂದಿಲ್ಲ. ಮೇಲಿನ ಸಾಲಿಗಿಂತ ಕೆಳಗಿನದು ಉದ್ದವಾಗಬಾರದು, ಎಲ್ಲ ಸಾಲುಗಳೂ ಎಡಗೋಡೆಗೆ ಅಂಟಿಕೊಂಡಿರಬೇಕು, ಅಷ್ಟೇ. ಚದುರಂಗದಲ್ಲಿ, ಚೌಕಾಬಾರದಲ್ಲಿ ಹೇಳುವಂತೆ ಒಂದೊಂದು ಚೌಕವನ್ನೂ ಮನೆ ಎನ್ನೋಣ. ನಾಲ್ಕು ಮನೆಗಳನ್ನು ಹೀಗೆ ಜೋಡಿಸಿದರೆ ಐದು ಆಕೃತಿಗಳು ಬರುತ್ತವೆ: 4, 3+1, 2+2, 2+1+1, 1+1+1+1. ಒಂದು ಸಂಖ್ಯೆಯನ್ನು ಕೂಡುಸಂಖ್ಯೆಗಳಾಗಿ ಒಡೆಯುವ ಪ್ರತಿಯೊಂದು ರೀತಿಗೂ ಒಂದು ಆಕೃತಿ. ಈ ಒಡೆಯುವಿಕೆಗೆ ವಿಭಜನೆ ಎಂದು ಹೆಸರು. ಶ್ರೀನಿವಾಸ ರಾಮಾನುಜನ್ ಅವರ ಹೆಸರು ಕೇಳಿದವರಿಗೆಲ್ಲ ಇದು ಪರಿಚಿತ ನೆಲ. 100ನ್ನು 19,05,69,292 ರೀತಿಗಳಲ್ಲಿ ವಿಭಜಿಸಬಹುದು. ಇಂಥ ದೊಡ್ಡ ಸಂಖ್ಯೆಗಳನ್ನು ಹಿಡಿಯುವ ಸೂತ್ರವನ್ನು ಹಾರ್ಡಿ ಮತ್ತು ರಾಮಾನುಜನ್ 1918ರಲ್ಲಿ ಪ್ರಕಟಿಸಿದರು. ಆ ಸೂತ್ರ ಆಕೃತಿಗಳು ಎಷ್ಟಿವೆ ಎಂದು ಹೇಳುತ್ತದೆ. ನಾನಿಂದು ಒಂದೊಂದು ಆಕೃತಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಹೇಳಬೇಕೆಂದಿದ್ದೇನೆ.

ಆಕೃತಿಯ ಮನೆಗಳಲ್ಲಿ 1, 2, 3 ಎಂದು ಸಂಖ್ಯೆಗಳನ್ನು ತುಂಬಬೇಕು. ಅಡ್ಡಸಾಲಿನಲ್ಲಿ ಬಲಕ್ಕೆ ಹೋದಂತೆ, ಕಂಬಸಾಲಿನಲ್ಲಿ ಕೆಳಗೆ ಹೋದಂತೆ ಅವು ಏರಬೇಕು. ಹೀಗೆ ತುಂಬಿದ್ದಕ್ಕೆ ಶಿಷ್ಟ ಯಂಗ್ ಕೋಷ್ಟಕ ಎನ್ನುತ್ತಾರೆ. ಗಣಿತಜ್ಞರು ಇದಕ್ಕೆ ಬಳಸುವ ಮೂಲ ಪದ ಟ್ಯಾಬ್ಲೋ, ಅದು ಫ್ರೆಂಚ್ ಮಾತು. ದಸರಾ ಮೆರವಣಿಗೆಯ ವರದಿಗಳಲ್ಲಿ ಅದೇ ಪದವನ್ನು ನಾವು ಸ್ತಬ್ಧಚಿತ್ರ ಎಂದು ಓದುತ್ತೇವೆ. ಈ ಗಣಿತದ ಚಿತ್ರಗಳಿಗೆ ಆ ಅನುವಾದ ಒಪ್ಪುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಇವು ನಿಂತ ಚಿತ್ರಗಳಲ್ಲ. ಪ್ರತಿ ಮನೆಯಲ್ಲಿರುವ ಸಂಖ್ಯೆಯನ್ನು ಆ ಮನೆ ಕಟ್ಟಿದ ದಿನ ಎಂದು ಓದಿ ನೋಡಿ:

1 2 5
3
4

ಮೊದಲ ದಿನ ಮೂಲೆಯ ಮನೆ. ಎರಡನೆಯ ದಿನ ಅದರ ಬಲಕ್ಕೆ. ಮೂರನೆಯ ದಿನ ಕೆಳಗೆ, ನಾಲ್ಕನೆಯ ದಿನ ಇನ್ನೂ ಕೆಳಗೆ, ಐದನೆಯ ದಿನ ಮತ್ತೆ ಮೇಲಿನ ಸಾಲಿಗೆ. ಯಾವ ದಿನ ಕೆಲಸ ನಿಲ್ಲಿಸಿದರೂ ಅಲ್ಲಿಯವರೆಗೆ ಕಟ್ಟಿದ್ದು ಒಂದು ಸರಿಯಾದ ಆಕೃತಿಯೇ. ಸಂಖ್ಯೆಗಳು ಏರಬೇಕೆಂಬ ನಿಯಮದ ಅರ್ಥವೇ ಅದು. ಕೋಷ್ಟಕವೆಂದರೆ ಆಕೃತಿಯೊಂದು ಮನೆ ಮನೆಯಾಗಿ ಬೆಳೆದ ಕಥೆ. ಇಂದಿನ ಮಾತೆಲ್ಲ ಈ ಓದಿನ ಮೇಲೆ ನಿಂತಿದೆ.

ಈಗ 42ರ ಪ್ರಶ್ನೆ. ಪ್ರತಿ ಮನೆಗೂ ಒಂದು ಕೊಕ್ಕೆಯಿದೆ: ಆ ಮನೆ, ಅದೇ ಸಾಲಿನಲ್ಲಿ ಅದರ ಬಲಕ್ಕಿರುವ ಮನೆಗಳು, ಅದೇ ಕಂಬದಲ್ಲಿ ಅದರ ಕೆಳಗಿರುವ ಮನೆಗಳು. ಕೊಕ್ಕೆಯಲ್ಲಿ ಎಷ್ಟು ಮನೆಗಳಿವೆಯೋ ಅದು ಅದರ ಉದ್ದ. ಐದೈದರ ಎರಡು ಸಾಲಿನಲ್ಲಿ ಕೊಕ್ಕೆಗಳ ಉದ್ದ ಹೀಗಿರುತ್ತದೆ:

6 5 4 3 2
5 4 3 2 1

ಇವೆಲ್ಲವನ್ನೂ ಗುಣಿಸಿದರೆ 86,400. ಹತ್ತು ಮಕ್ಕಳನ್ನು ಮನಸ್ಸಿಗೆ ಬಂದಂತೆ ನಿಲ್ಲಿಸುವ 36,28,800 ಬಗೆಗಳನ್ನು ಇದರಿಂದ ಭಾಗಿಸಿ. 42 ಬರುತ್ತದೆ. ಯಾವ ಆಕೃತಿಗಾದರೂ ಇಷ್ಟೇ ಕೆಲಸ. 3, 2, 1ರ ಮೆಟ್ಟಿಲಿನ ಆಕೃತಿಗೆ ಕೊಕ್ಕೆಗಳ ಗುಣಲಬ್ಧ 45. 720ನ್ನು 45ರಿಂದ ಭಾಗಿಸಿದರೆ 16 ಕೋಷ್ಟಕಗಳು.

ಈ ಸೂತ್ರ ಸಿಕ್ಕಿದ ಬಗೆ ನನಗೆ ತುಂಬ ಪ್ರಿಯವಾದದ್ದು. 1953ರ ಮೇ ತಿಂಗಳಲ್ಲಿ ಗಿಲ್ಬರ್ಟ್ ರಾಬಿನ್ಸನ್ ಅಮೆರಿಕದ ಮಿಷಿಗನ್ ರಾಜ್ಯದಲ್ಲಿದ್ದ ಜೇಮ್ಸ್ ಫ್ರೇಮ್ ಅವರನ್ನು ನೋಡಲು ಹೋಗಿದ್ದರು. ಮಾತಿನ ನಡುವೆ ಫ್ರೇಮ್‌ಗೆ ಕೊಕ್ಕೆಗಳ ಈ ಊಹೆ ಹೊಳೆಯಿತು. ಇಷ್ಟು ಸರಳವಾಗಿರಲು ಸಾಧ್ಯವಿಲ್ಲ ಎಂದು ರಾಬಿನ್ಸನ್ ನಂಬಲಿಲ್ಲ. ಉದಾಹರಣೆಗಳನ್ನು ಹಾಕಿ ನೋಡಿದರು, ಎಲ್ಲವೂ ಸರಿಬಂದವು. ಇಬ್ಬರೂ ಸೇರಿ ಸಾಧಿಸಿದರು. ಅದೇ ವಾರ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅದನ್ನು ಮಂಡಿಸಿದಾಗ ಸಭೆಯಲ್ಲಿದ್ದ ರಾಬರ್ಟ್ ಥ್ರಾಲ್ ಅಚ್ಚರಿಗೊಂಡರು. ಅದೇ ಸೂತ್ರವನ್ನು ಅವರೂ ಅದೇ ದಿನ ಸಾಧಿಸಿದ್ದರು. 1954ರಲ್ಲಿ ಅದು ಮೂವರ ಹೆಸರಿನಲ್ಲಿ ಅಚ್ಚಾಯಿತು.

ರಾಬಿನ್ಸನ್ ಅವರಿಗೆ ಬಂದ ಸಂಶಯ ಸಹಜವಾದದ್ದು. ಸೂತ್ರವನ್ನು ಹೀಗೆ ಸಮರ್ಥಿಸಲು ಮನಸ್ಸು ಎಳೆಯುತ್ತದೆ: ಕೋಷ್ಟಕ ಶಿಷ್ಟವಾಗಬೇಕಾದರೆ ಪ್ರತಿ ಮನೆಯ ಸಂಖ್ಯೆ ಅದರ ಕೊಕ್ಕೆಯಲ್ಲೆಲ್ಲ ಚಿಕ್ಕದಾಗಿರಬೇಕು. ಕೊಕ್ಕೆಯ ಉದ್ದ 6 ಆದರೆ ಹಾಗಾಗುವ ಸಂಭವನೀಯತೆ 6ರಲ್ಲಿ 1. ಎಲ್ಲ ಮನೆಗಳಿಗೂ ಹೀಗೆ ಗುಣಿಸಿಕೊಂಡು ಹೋದರೆ ಸೂತ್ರ ಬಂದೇಬಿಟ್ಟಿತು! ಆದರೆ ಈ ವಾದ ತಪ್ಪು. ಕೊಕ್ಕೆಗಳು ಒಂದರ ಮೇಲೊಂದು ಬೀಳುತ್ತವೆ. ಅವು ಪರಸ್ಪರ ಸ್ವತಂತ್ರವಾದ ಘಟನೆಗಳಲ್ಲ, ಆದ್ದರಿಂದ ಹಾಗೆ ಗುಣಿಸಲು ಬರುವುದಿಲ್ಲ. ದಾರಿ ತಪ್ಪಿದ್ದರೂ ಊರು ಸರಿಯಾಗಿ ಸಿಕ್ಕಿದೆ. ಸರಿಯಾದ ದಾರಿಯನ್ನು 1979ರಲ್ಲಿ ಗ್ರೀನ್, ನಿಯೆನ್‌ಹೌಸ್ ಮತ್ತು ವಿಲ್ಫ್ ತೋರಿಸಿದರು. ಆಕೃತಿಯ ಯಾವುದಾದರೂ ಒಂದು ಮನೆಯನ್ನು ಚೀಟಿ ಎತ್ತಿ ಆರಿಸಿ ಅಲ್ಲಿ ನಿಲ್ಲಿ. ಅದರ ಕೊಕ್ಕೆಯಲ್ಲಿರುವ ಇನ್ನೊಂದು ಮನೆಗೆ, ಮತ್ತೆ ಚೀಟಿ ಎತ್ತಿ, ಜಿಗಿಯಿರಿ. ಜಿಗಿಯುತ್ತಾ ಹೋದಂತೆ ಬಲಕ್ಕೋ ಕೆಳಗೋ ಸರಿಯುತ್ತೀರಿ, ಕೊನೆಗೆ ಒಂದು ಹೊರಮೂಲೆಯಲ್ಲಿ ಸಿಕ್ಕಿಬೀಳುತ್ತೀರಿ. ಅತಿ ದೊಡ್ಡ ಸಂಖ್ಯೆಯನ್ನು ಅಲ್ಲಿ ಬರೆಯಿರಿ. ಆ ಮೂಲೆಯನ್ನು ತೆಗೆದು, ಉಳಿದ ಆಕೃತಿಯಲ್ಲಿ ಮತ್ತೆ ಇದೇ ಆಟ. ಹೀಗೆ ತುಂಬಿದರೆ ಎಲ್ಲ ಶಿಷ್ಟ ಕೋಷ್ಟಕಗಳೂ ಸಮಾನ ಸಂಭವನೀಯತೆಯಲ್ಲಿ ಬರುತ್ತವೆ. ಆ ಸಂಭವನೀಯತೆಯನ್ನು ಲೆಕ್ಕ ಹಾಕಿದಾಗ ಕೊಕ್ಕೆಗಳ ಸೂತ್ರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಲ್ಲೂ ಕಥೆಯನ್ನೇ ಓದುತ್ತಿದ್ದೇವೆ, ಹಿಂದಿನಿಂದ ಮುಂದಕ್ಕೆ.

ಇನ್ನು ನನ್ನನ್ನು ಈ ವಿಷಯಕ್ಕೆ ಎಳೆದ ಲೆಕ್ಕ. ಮೂರು ಮನೆಗಳ ಮೂರು ಆಕೃತಿಗಳಿಗೆ ಇರುವ ಕೋಷ್ಟಕಗಳು 1, 2, 1. ವರ್ಗ ಮಾಡಿ ಕೂಡಿಸಿ: 1 + 4 + 1 = 6. ನಾಲ್ಕು ಮನೆಗಳಿಗೆ 1, 3, 2, 3, 1. ವರ್ಗಗಳ ಮೊತ್ತ 1 + 9 + 4 + 9 + 1 = 24. ಐದು ಮನೆಗಳಿಗೆ 1, 4, 5, 6, 5, 4, 1. ವರ್ಗಗಳ ಮೊತ್ತ 120. ಮೂರು ವಸ್ತುಗಳನ್ನು ಸಾಲಾಗಿ ಇಡುವ ಬಗೆಗಳು 6, ನಾಲ್ಕನ್ನು 24, ಐದನ್ನು 120. ನಮ್ಮ ಶಾಲಾ ಪುಸ್ತಕಗಳಲ್ಲಿ ಕ್ರಮಯೋಜನೆ ಎಂದು ಕರೆಯುವುದು ಇದನ್ನೇ. ಕೋಷ್ಟಕಗಳಿಗೂ ಕ್ರಮಯೋಜನೆಗಳಿಗೂ ಏನು ನಂಟು? ಅದರಲ್ಲೂ ವರ್ಗ ಮಾಡುವುದೇಕೆ?

ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು ಕೈಯಿಂದ ಮಾಡುವಂಥದ್ದು. 2 5 3 1 4 ಎಂಬ ಕ್ರಮದಲ್ಲಿ ಐವರು ಬರುತ್ತಾರೆ, ಬೆಂಚುಗಳ ಮೇಲೆ ಕೂರಬೇಕು. ಬಂದವರು ಮೊದಲ ಬೆಂಚಿನಲ್ಲಿರುವ ಎಲ್ಲರಿಗಿಂತ ದೊಡ್ಡವರಾದರೆ ಅದರ ಕೊನೆಯಲ್ಲಿ ಕೂರುತ್ತಾರೆ. ಇಲ್ಲವಾದರೆ ತಮಗಿಂತ ದೊಡ್ಡವರಲ್ಲಿ ಅತಿ ಚಿಕ್ಕವರನ್ನು ಎಬ್ಬಿಸಿ ಆ ಜಾಗದಲ್ಲಿ ಕೂರುತ್ತಾರೆ. ಎದ್ದವರು ಎರಡನೆಯ ಬೆಂಚಿಗೆ ಹೋಗಿ ಇದೇ ನಿಯಮ ಪಾಲಿಸುತ್ತಾರೆ. 2 ಕೂರುತ್ತದೆ. 5 ಅದರ ಪಕ್ಕಕ್ಕೆ. 3 ಬಂದು 5ನ್ನು ಎಬ್ಬಿಸುತ್ತದೆ, 5 ಎರಡನೆಯ ಬೆಂಚಿಗೆ ಹೋಗುತ್ತದೆ. 1 ಬಂದು 2ನ್ನು ಎಬ್ಬಿಸುತ್ತದೆ, 2 ಹೋಗಿ 5ನ್ನು ಎಬ್ಬಿಸುತ್ತದೆ, 5 ಮೂರನೆಯ ಬೆಂಚಿಗೆ. 4 ಮೊದಲ ಬೆಂಚಿನ ಕೊನೆಗೆ. ಕೊನೆಯಲ್ಲಿ ಕೂತ ರೀತಿ ಎಡಕ್ಕೆ, ಯಾವ ಜಾಗ ಎಷ್ಟನೆಯ ಸರದಿಯಲ್ಲಿ ಹೊಸದಾಗಿ ಭರ್ತಿಯಾಯಿತೆಂಬ ದಾಖಲೆ ಬಲಕ್ಕೆ:

1 3 4  |  1 2 5
2      |  3
5      |  4

ಎರಡೂ ಶಿಷ್ಟ ಕೋಷ್ಟಕಗಳು, ಎರಡಕ್ಕೂ ಒಂದೇ ಆಕೃತಿ. ಬಲಗಡೆಯ ದಾಖಲೆ ಕೈಯಲ್ಲಿದ್ದರೆ ಯಾರು ಯಾರನ್ನು ಎಬ್ಬಿಸಿದರು ಎಂದು ಹಿಂದಕ್ಕೆ ಹೋಗುತ್ತಾ ಮೂಲ ಕ್ರಮವನ್ನು ಮರಳಿ ಪಡೆಯಬಹುದು. ಹಾಗಾಗಿ ಒಂದು ಕ್ರಮಯೋಜನೆ ಎಂದರೆ ಒಂದೇ ಆಕೃತಿಯ ಎರಡು ಕೋಷ್ಟಕಗಳ ಒಂದು ಜೋಡಿ. ಜೋಡಿಯಾದ್ದರಿಂದಲೇ ವರ್ಗ. ರಾಬಿನ್ಸನ್ 1938ರಲ್ಲಿ ಇದನ್ನು ಬೇರೊಂದು ರೂಪದಲ್ಲಿ ಕಂಡಿದ್ದರು. 1961ರಲ್ಲಿ ಕ್ರೇಗ್ ಶೆನ್‌ಸ್ಟೆಡ್ ಈ ಎಬ್ಬಿಸುವ ಆಟವಾಗಿ ಕೊಟ್ಟರು. 1970ರಲ್ಲಿ ಡೊನಾಲ್ಡ್ ಕ್ನೂತ್ ಇನ್ನಷ್ಟು ವಿಸ್ತರಿಸಿದರು.

ಶೆನ್‌ಸ್ಟೆಡ್ ಹುಡುಕುತ್ತಿದ್ದದ್ದು ಇನ್ನೊಂದನ್ನು. 2 5 3 1 4ರಲ್ಲಿ ನಡುವೆ ಕೆಲವನ್ನು ಬಿಟ್ಟು ಏರುತ್ತಾ ಹೋಗುವ ಅತಿ ಉದ್ದದ ಸಾಲು ಯಾವುದು? 2, 3, 4. ಅದರ ಉದ್ದ 3, ಮೊದಲ ಬೆಂಚಿನ ಉದ್ದವೂ 3. ಇಳಿಯುತ್ತಾ ಹೋಗುವುದು 5, 3, 1. ಅದೂ 3, ಮೊದಲ ಕಂಬದ ಉದ್ದವೂ 3. ಇದು ಯಾವಾಗಲೂ ಹೀಗೆಯೇ. ಹತ್ತು ಲಕ್ಷ ಸಂಖ್ಯೆಗಳನ್ನು ಚೆನ್ನಾಗಿ ಕಲಸಿದರೆ ಅತಿ ಉದ್ದದ ಏರುಸಾಲು 2,000ಕ್ಕಿಂತ ತುಸು ಕಡಿಮೆ ಇರುತ್ತದೆ. ಸಂಖ್ಯೆಯ ವರ್ಗಮೂಲದ ಎರಡರಷ್ಟು ಎಂಬ ಈ ಅಂದಾಜನ್ನು 1977ರಲ್ಲಿ ಅಮೆರಿಕದಲ್ಲಿ ಲೋಗನ್ ಮತ್ತು ಶೆಪ್, ಸೋವಿಯತ್ ಒಕ್ಕೂಟದಲ್ಲಿ ವರ್ಶಿಕ್ ಮತ್ತು ಕೆರೋವ್ ಯಂಗ್ ಆಕೃತಿಗಳ ಮೂಲಕವೇ ಕಂಡುಹಿಡಿದರು. ಆ ಕಥೆ ಇನ್ನೊಂದು ದಿನಕ್ಕಿರಲಿ.

ಎರಡನೆಯ ಉತ್ತರಕ್ಕೆ ಪ್ರಾತಿನಿಧ್ಯ ಸಿದ್ಧಾಂತ ಬೇಕು. ಹೆಸರಿಗೆ ಹೆದರಬೇಡಿ. ಒಂದು ಸಮಸ್ಯೆಯಲ್ಲಿ ಕ್ರಮಯೋಜನೆಗಳು ತಾವೇ ಬರುವ ಬದಲು ತಮ್ಮ ಪ್ರತಿನಿಧಿಗಳನ್ನು ಕಳಿಸುತ್ತವೆ ಎಂದುಕೊಳ್ಳಿ. ಒಂದೊಂದು ಕ್ರಮಯೋಜನೆಗೂ ಒಂದು ಮಾತೃಕೆ, ಅಂದರೆ ಚೌಕವಾಗಿ ಜೋಡಿಸಿದ ಸಂಖ್ಯೆಗಳು. ಷರತ್ತು ಒಂದೇ: ಎರಡು ಅದಲುಬದಲುಗಳನ್ನು ಒಂದರ ನಂತರ ಒಂದು ಮಾಡಿದಾಗ ಏನಾಗುತ್ತದೋ, ಅವುಗಳ ಮಾತೃಕೆಗಳನ್ನು ಗುಣಿಸಿದಾಗಲೂ ಅದೇ ಆಗಬೇಕು. ಮಾತೃಕೆಗಳು ಓಡಾಡುವ ಸದಿಶಗಳ ಲೋಕವನ್ನು ಅಂಗಳ ಎನ್ನೋಣ. ಕೆಲವು ಅಂಗಳಗಳನ್ನು ಗೋಡೆ ಹಾಕಿ ಚಿಕ್ಕ ಅಂಗಳಗಳಾಗಿ ಪಾಲು ಮಾಡಬಹುದು, ಯಾವ ಪ್ರತಿನಿಧಿಯೂ ಗೋಡೆ ದಾಟುವುದಿಲ್ಲ. ಕೆಲವನ್ನು ಹಾಗೆ ಮಾಡಲಾಗದು. ಒಡೆಯಲಾಗದ ಈ ಅಂಗಳಗಳೇ ಮೂಲದ ಇಟ್ಟಿಗೆಗಳು. ಜರ್ಮನಿಯ ಫ್ರೊಬೆನಿಯಸ್ 1896ರಿಂದ ಕಟ್ಟಿದ ಸಿದ್ಧಾಂತದ ಪ್ರಕಾರ ಯಾವುದೇ ಸಾಂತ ಗ್ರೂಪಿನ (ಒಂದರ ನಂತರ ಒಂದು ಮಾಡಬಹುದಾದ, ಹಿಂದಕ್ಕೂ ತಿರುಗಿಸಬಹುದಾದ ಅದಲುಬದಲುಗಳ ಇಂಥ ಕೂಟಕ್ಕೆ ಗ್ರೂಪ್ ಎಂದು ಹೆಸರು) ಒಡೆಯಲಾಗದ ಅಂಗಳಗಳ ಆಯಾಮಗಳನ್ನು ವರ್ಗ ಮಾಡಿ ಕೂಡಿಸಿದರೆ ಆ ಗ್ರೂಪಿನ ಸದಸ್ಯರ ಸಂಖ್ಯೆ ಬರುತ್ತದೆ. ಅಂಗಳಗಳು ಎಷ್ಟು ಎಂಬುದಕ್ಕೂ ಉತ್ತರವಿದೆ. ಕ್ರಮಯೋಜನೆಗಳ ವಿಷಯದಲ್ಲಿ, ಅವುಗಳ ಚಕ್ರಗಳ (ಒಂದು ಇನ್ನೊಂದರ ಜಾಗಕ್ಕೆ ಹೋಗುತ್ತಾ ಕೊನೆಗೆ ಮೊದಲಿನ ಜಾಗಕ್ಕೇ ಮರಳುವ ಸುತ್ತುಗಳ) ಉದ್ದಗಳು ಎಷ್ಟು ಬಗೆಯಾಗಿರಬಹುದೋ ಅಷ್ಟು. ಐದು ವಸ್ತುಗಳ ಅದಲುಬದಲು 3ರ ಚಕ್ರ ಮತ್ತು 2ರ ಚಕ್ರವಾಗಬಹುದು, 4 ಮತ್ತು 1 ಆಗಬಹುದು. ಇವು 5ರ ವಿಭಜನೆಗಳೇ. ಹಾಗಾಗಿ ಆಕೃತಿಗಳಿದ್ದಷ್ಟೇ ಅಂಗಳಗಳಿವೆ.

ಮೂರು ವಸ್ತುಗಳನ್ನು ಪೂರ್ತಿ ಬಿಡಿಸಿ ನೋಡೋಣ, ಏಕೆಂದರೆ ಇಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಸಮಬಾಹು ತ್ರಿಭುಜವೊಂದರ ಮೂಲೆಗಳಿಗೆ 1, 2, 3 ಎಂದು ಹೆಸರಿಡಿ. ಮೂಲೆಗಳ ಪ್ರತಿ ಅದಲುಬದಲೂ ತ್ರಿಭುಜವನ್ನು ತಿರುಗಿಸುತ್ತದೆ ಅಥವಾ ಮಗುಚುತ್ತದೆ. ಇದು ಎರಡು ಆಯಾಮದ ಅಂಗಳ, ಆಕೃತಿ 2+1. ಈ ಆಕೃತಿಗೆ ಎರಡು ಕೋಷ್ಟಕಗಳು:

1 2  |  1 3
3    |  2

ಆ ಅಂಗಳದಲ್ಲಿ ಎರಡು ದಿಕ್ಕುಗಳನ್ನು ಆರಿಸಿಕೊಳ್ಳಿ. ಒಂದು, ನಟ್ಟನಡುವಿನಿಂದ 3ನೆಯ ಮೂಲೆಗೆ ಹೋಗುವ ದಿಕ್ಕು. ಇನ್ನೊಂದು ಅದಕ್ಕೆ ಲಂಬವಾದದ್ದು, 1 ಮತ್ತು 2ನ್ನು ಸೇರಿಸುವ ದಿಕ್ಕು. 1 ಮತ್ತು 2ನ್ನು ಅದಲುಬದಲು ಮಾಡಿದರೆ ಮೊದಲ ದಿಕ್ಕು ಅಲುಗುವುದಿಲ್ಲ, ಎರಡನೆಯದು ಉಲ್ಟಾ ಆಗುತ್ತದೆ. ಈಗ ಕೋಷ್ಟಕಗಳನ್ನು ನೋಡಿ. ಮೊದಲನೆಯದರಲ್ಲಿ 1 ಮತ್ತು 2 ಅಕ್ಕಪಕ್ಕದಲ್ಲಿವೆ. ಎರಡನೆಯದರಲ್ಲಿ ಒಂದರ ಕೆಳಗೊಂದಿವೆ. ಅಕ್ಕಪಕ್ಕ ಇದ್ದರೆ +1, ಮೇಲೆ ಕೆಳಗೆ ಇದ್ದರೆ −1. ಮೊದಲ ಕೋಷ್ಟಕವೇ ಮೊದಲ ದಿಕ್ಕು, ಎರಡನೆಯ ಕೋಷ್ಟಕವೇ ಎರಡನೆಯ ದಿಕ್ಕು.

2 ಮತ್ತು 3ನ್ನು ಅದಲುಬದಲು ಮಾಡಿದರೆ? ಮೊದಲ ಕೋಷ್ಟಕದಲ್ಲಿ 2ರಿಂದ 3ಕ್ಕೆ ನಡೆಯಿರಿ: ಎಡಕ್ಕೆ ಒಂದು ಹೆಜ್ಜೆ, ಕೆಳಗೆ ಒಂದು ಹೆಜ್ಜೆ. ಬಲ ಮತ್ತು ಮೇಲಿನ ಹೆಜ್ಜೆಗಳಿಗೆ ಧನ, ಎಡ ಮತ್ತು ಕೆಳಗಿನ ಹೆಜ್ಜೆಗಳಿಗೆ ಋಣ ಎಂದು ಲೆಕ್ಕ ಹಾಕಿದರೆ ದೂರ −2. ಎರಡನೆಯ ಕೋಷ್ಟಕದಲ್ಲಿ ಅದು +2. ಈ ದೂರಗಳ ವ್ಯುತ್ಕ್ರಮಗಳು −1/2 ಮತ್ತು +1/2. ಮಾತೃಕೆಯ ಕರ್ಣದಲ್ಲಿ ಇವನ್ನೇ ಬರೆಯಬೇಕು. ಎರಡು ದಿಕ್ಕುಗಳನ್ನು ಬೆಸೆಯುವ ಉಳಿದ ಎರಡು ಜಾಗಗಳಲ್ಲಿ 1ರಿಂದ 1/4ನ್ನು ಕಳೆದು ವರ್ಗಮೂಲ ತೆಗೆದದ್ದು, ಅಂದರೆ √3/2. ಹೈಸ್ಕೂಲಿನ ತ್ರಿಕೋನಮಿತಿ ನೆನಪಿರುವವರು ಈ ಸಂಖ್ಯೆಗಳನ್ನು ಕೂಡಲೇ ಗುರುತಿಸುತ್ತಾರೆ. 120 ಡಿಗ್ರಿಯ ಕೊಸೈನ್ −1/2, ಸೈನ್ √3/2. ಸಮಬಾಹು ತ್ರಿಭುಜವನ್ನು ತಿರುಗಿಸುವ ಕೋನ ಮೂರು ಮನೆಗಳ ನಡುವಿನ ಹೆಜ್ಜೆಗಳ ಎಣಿಕೆಯಿಂದ ಹೊರಬಂದಿದೆ! ನಾನು ಇದನ್ನು ಮೊದಲ ಸಲ ಕಾಗದದ ಮೇಲೆ ಮಾಡಿದ ದಿನ ಮತ್ತೆ ಮತ್ತೆ ಪರೀಕ್ಷಿಸಿದೆ. ಎಣಿಕೆಯಲ್ಲಿ ಒಂದರ ಹಿಂದೆ ಒಂದು ಬರುವ ಎರಡು ಸಂಖ್ಯೆಗಳ ಅದಲುಬದಲಿಗೆ ಇದೇ ಸೂತ್ರ ಯಾವ ಆಕೃತಿಯಲ್ಲೂ, ಎಷ್ಟೇ ಮನೆಗಳಿರಲಿ, ನಡೆಯುತ್ತದೆ.

ಇದು ಹೇಗೆ ಸಾಧ್ಯ ಎಂದರೆ, ಮತ್ತೆ ಬೆಳವಣಿಗೆಯ ಕಥೆಗೇ ಹೋಗಬೇಕು. ಐದು ವಸ್ತುಗಳಿಗೆ ಸೇರಿದ 3+2 ಆಕೃತಿಯ ಅಂಗಳವನ್ನು ತೆಗೆದುಕೊಳ್ಳಿ. ಐದನೆಯ ವಸ್ತುವನ್ನು ಇದ್ದಲ್ಲೇ ಇಟ್ಟು ಉಳಿದ ನಾಲ್ಕನ್ನು ಮಾತ್ರ ಅದಲುಬದಲು ಮಾಡುತ್ತೇವೆ ಎಂದರೆ ಆ ಅಂಗಳ ಈಗ ಒಡೆಯುತ್ತದೆ. ಒಡೆಯುವ ರೀತಿ ಅತ್ಯಂತ ಸ್ಪಷ್ಟ: ಆಕೃತಿಯಿಂದ ಒಂದು ಹೊರಮೂಲೆಯ ಮನೆ ತೆಗೆದಾಗ ಯಾವ ಆಕೃತಿಗಳು ಉಳಿಯುತ್ತವೋ ಅವು ಒಂದೊಂದು ಸಲ. ಇಲ್ಲಿ 2+2 ಮತ್ತು 3+1. ಆಯಾಮಗಳು 2 ಮತ್ತು 3, ಕೂಡಿದರೆ 5. ನಾಲ್ಕನೆಯ ವಸ್ತುವನ್ನೂ ಬದಿಗಿಡಿ, ಅವು ಮತ್ತೆ ಒಡೆಯುತ್ತವೆ. ಹೀಗೆ ಒಂದೇ ವಸ್ತು ಉಳಿಯುವವರೆಗೆ ಹೋದರೆ ಅಂಗಳ ಒಂದು ಆಯಾಮದ ಗೆರೆಗಳಾಗಿ ಪೂರ್ತಿ ಬಿಡಿಬಿಡಿಯಾಗುತ್ತದೆ. ಪ್ರತಿ ಗೆರೆಗೂ ಒಂದು ದಾರಿ: ಮೊದಲು ಯಾವ ಮನೆ ಹೋಯಿತು, ಆಮೇಲೆ ಯಾವುದು. ಆ ದಾರಿಯನ್ನು ತಿರುಗಿಸಿ ಓದಿದರೆ ಮನೆಗಳು ಬಂದ ಕ್ರಮ, ಅಂದರೆ ಶಿಷ್ಟ ಕೋಷ್ಟಕ. ಅಂಗಳದ ಆಯಾಮವೂ ಕೋಷ್ಟಕಗಳ ಸಂಖ್ಯೆಯೂ ಕಾಕತಾಳೀಯವಾಗಿ ಸಮವಾದವುಗಳಲ್ಲ. ಅಂಗಳದ ಅಕ್ಷಗಳೇ ಕೋಷ್ಟಕಗಳು. ಗುಂಪು ಫೋಟೋದ ಐದು ಬಗೆಗಳು ಐದು ಆಯಾಮದ ಒಂದು ಲೋಕದ ಐದು ದಿಕ್ಕುಗಳು.

ಈ ದೃಷ್ಟಿಯಿಂದ ಇಡೀ ಸಿದ್ಧಾಂತವನ್ನು ಮೊದಲಿನಿಂದ ಕಟ್ಟುವ ದಾರಿಯನ್ನು ಒಕೂಂಕೋವ್ ಮತ್ತು ವರ್ಶಿಕ್ 1996ರಲ್ಲಿ ತೋರಿಸಿದರು. ಈಗ ವಿದ್ಯಾರ್ಥಿಗಳಿಗೆ ಕಲಿಸಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂಬುದು ನನ್ನ ಅನುಭವ. ಹಳೆಯ ದಾರಿಯಲ್ಲಿ ಕೋಷ್ಟಕಗಳು ಉಪಕರಣಗಳಾಗಿ ಹೊರಗಿನಿಂದ ಬರುತ್ತವೆ, ಇಲ್ಲಿ ಒಳಗಿನಿಂದ ಹುಟ್ಟುತ್ತವೆ.

ಯಂಗ್ ಯಾರು ಎಂದು ಇನ್ನೂ ಹೇಳಿಲ್ಲ. ಆಲ್ಫ್ರೆಡ್ ಯಂಗ್ 1873ರಲ್ಲಿ ಇಂಗ್ಲೆಂಡಿನ ವಿಡ್ನೆಸ್‌ನಲ್ಲಿ ಹುಟ್ಟಿದವರು, ಕೇಂಬ್ರಿಜ್‌ನ ಕ್ಲೇರ್ ಕಾಲೇಜಿನಲ್ಲಿ ಓದಿದವರು. ಬೀಜಗಣಿತದ ನಿಶ್ಚಲಗಳ (ಚರಗಳನ್ನು ಬದಲಿಸಿದರೂ ಬದಲಾಗದ ರಾಶಿಗಳ) ಲೆಕ್ಕಗಳಲ್ಲಿ ಮುಳುಗಿದ್ದಾಗ 1900ರ ಸುಮಾರಿಗೆ ಈ ಕೋಷ್ಟಕಗಳನ್ನು ತಂದರು. ಫ್ರೊಬೆನಿಯಸ್ ಅದೇ ಹೊತ್ತಿಗೆ ಬೇರೆ ದಾರಿಯಿಂದ ಅಲ್ಲಿಗೇ ಬಂದು, 1903ರಲ್ಲಿ ಯಂಗ್ ಅವರ ಕೋಷ್ಟಕಗಳನ್ನು ತಮ್ಮ ಕೆಲಸಕ್ಕೆ ಬೆಸೆದರು. ಯಂಗ್ ಚರ್ಚಿನ ಸೇವೆಗೆ ಹೋದರು. 1910ರಿಂದ 1940ರಲ್ಲಿ ತೀರಿಕೊಳ್ಳುವವರೆಗೆ ಎಸ್ಸೆಕ್ಸ್‌ನ ಬರ್ಡ್‌ಬ್ರೂಕ್ ಎಂಬ ಹಳ್ಳಿಯ ಪಾದ್ರಿಯಾಗಿದ್ದರು. ಕೋಷ್ಟಕಗಳ ಬಗ್ಗೆ ಬರೆದ ಮೊದಲ ಎರಡು ಪ್ರಬಂಧಗಳಿಗೂ ಮೂರನೆಯದಕ್ಕೂ ನಡುವೆ ಸುಮಾರು ಕಾಲು ಶತಮಾನದ ಅಂತರವಿದೆ. ಮರಳಿ ಬಂದವರು ಫ್ರೊಬೆನಿಯಸ್ ಮತ್ತು ಶೂರ್ ಅವರ ಜರ್ಮನ್ ಬರಹಗಳನ್ನು ಕಷ್ಟಪಟ್ಟು ಓದಿ ಅರಗಿಸಿಕೊಂಡರು. ಶಿಷ್ಟ ಕೋಷ್ಟಕಗಳು, ನಾನು ಈಗ ತೋರಿಸಿದ −1/2 ಮತ್ತು √3/2ರ ಮಾತೃಕೆಗಳು, ಎಲ್ಲವೂ ಈ ಎರಡನೆಯ ಇನ್ನಿಂಗ್ಸಿನವು. 1934ರಲ್ಲಿ, ಅರವತ್ತು ದಾಟಿದ ಮೇಲೆ, ರಾಯಲ್ ಸೊಸೈಟಿಯ ಫೆಲೋ ಆದರು. ಹಳ್ಳಿಯ ಚರ್ಚಿನ ಕೆಲಸದ ನಡುವೆ, ವಿಶ್ವವಿದ್ಯಾಲಯದ ಗದ್ದಲದಿಂದ ದೂರವಿದ್ದು ಮಾಡಿದ ಈ ಕೆಲಸವನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ.

ಇದೆಲ್ಲ ಹೊರಜಗತ್ತಿನಲ್ಲಿ ಎಲ್ಲಿ ತಾಗುತ್ತದೆ ಎಂದು ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬರು ಕೇಳಿದರು. ಪರಮಾಣುವಿನ ಒಡಲಿನಲ್ಲಿ ಎಂದು ಉತ್ತರಿಸಿದೆ. ಪ್ರೋಟಾನ್‌ನಂಥ ಕಣಗಳು ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳಿಂದಾಗಿವೆ: ಮೂರು ಸ್ಥಾನಗಳು, ಪ್ರತಿ ಸ್ಥಾನದಲ್ಲೂ ಅಪ್, ಡೌನ್, ಸ್ಟ್ರೇಂಜ್ ಎಂಬ ಮೂರು ಕ್ವಾರ್ಕ್‌ಗಳಲ್ಲಿ ಒಂದು. ಒಟ್ಟು 27 ಸಂಯೋಜನೆಗಳು. ಇವನ್ನು 1, 2, 3 ಎಂದು ಬರೆದು, ಮೂರು ಮನೆಗಳ ಆಕೃತಿಗಳಲ್ಲಿ ತುಂಬಿ. ಈಗ ನಿಯಮ ಸ್ವಲ್ಪ ಸಡಿಲ: ಒಂದೇ ಅಂಕಿ ಮತ್ತೆ ಬರಬಹುದು, ಅಡ್ಡಸಾಲಿನಲ್ಲಿ ಇಳಿಯಬಾರದು, ಕಂಬಸಾಲಿನಲ್ಲಿ ಏರಲೇಬೇಕು. ಒಂದೇ ಸಾಲಿನ ಆಕೃತಿಗೆ 10 ಬಗೆ, 111ರಿಂದ 333ರವರೆಗೆ. 2+1ಕ್ಕೆ 8 ಬಗೆ. ಒಂದೇ ಕಂಬಕ್ಕೆ 1. ಈ ಸಂಖ್ಯೆಗಳನ್ನು ಆಯಾ ಆಕೃತಿಯ ಶಿಷ್ಟ ಕೋಷ್ಟಕಗಳ ಸಂಖ್ಯೆಯಿಂದ ಗುಣಿಸಿ ಕೂಡಿಸಿ: 10×1 + 8×2 + 1×1 = 27. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಸ್ಥಾನಗಳನ್ನು ಅದಲುಬದಲು ಮಾಡುವ ಸಮಮಿತಿ ಒಂದು ಕಡೆ, ಕ್ವಾರ್ಕ್‌ಗಳನ್ನು ಬೆರೆಸುವ ಸಮಮಿತಿ ಇನ್ನೊಂದು ಕಡೆ. ಎರಡನ್ನೂ ಒಂದೇ ಆಕೃತಿ ಹಿಡಿದುಕೊಂಡಿದೆ. ಇದರ ಗಣಿತ ಇಸಾಯ್ ಶೂರ್ 1901ರಲ್ಲಿ ಬರೆದ ಡಾಕ್ಟರೇಟ್ ಪ್ರಬಂಧದಲ್ಲೇ ಇತ್ತು. ಹರ್ಮನ್ ವೈಲ್ ಅದನ್ನು ಕ್ವಾಂಟಮ್ ಭೌತವಿಜ್ಞಾನಕ್ಕೆ ತಂದರು.

8ರ ಗುಂಪಿನಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್ ಇವೆ. ಅದೇ ಗುಂಪಿನಲ್ಲಿ 1, 2, 3 ಒಂದೊಂದು ಸಲ ಬರುವ ಕೋಷ್ಟಕಗಳು ಎರಡು, ಮತ್ತು ಅವು ನಾವು ತ್ರಿಭುಜದಲ್ಲಿ ನೋಡಿದ ಅದೇ ಎರಡು ಚಿತ್ರಗಳು. ನಿಸರ್ಗದಲ್ಲೂ ಒಂದೊಂದು ಅಪ್, ಡೌನ್, ಸ್ಟ್ರೇಂಜ್ ಸೇರಿ ಆದ ಎರಡು ಕಣಗಳು ಆ ಗುಂಪಿನಲ್ಲಿವೆ: ಲ್ಯಾಂಬ್ಡಾ ಮತ್ತು ತಟಸ್ಥ ಸಿಗ್ಮಾ. 10ರ ಗುಂಪಿನಲ್ಲಿ 333ರ ಜಾಗ ಖಾಲಿಯಿತ್ತು. 1962ರಲ್ಲಿ ಮರ್ರಿ ಗೆಲ್‌ಮನ್ ಆ ಕಣ ಇರಲೇಬೇಕು ಎಂದರು, 1964ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಅದು ಸಿಕ್ಕಿತು. ಅದೇ ಒಮೆಗಾ ಋಣ ಕಣ.

ಪ್ರಾತಿನಿಧ್ಯ ಸಿದ್ಧಾಂತದ ಮಾತು ಬಂದಾಗ ಬೆಂಗಳೂರಿನಲ್ಲಿ ಇನ್ನೊಂದು ಹೆಸರನ್ನು ನೆನೆಯದಿರಲಾಗದು. ಹರೀಶ್ ಚಂದ್ರ 1943ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಹೋಮಿ ಭಾಭಾ ಅವರ ಜೊತೆ ಕೆಲಸ ಮಾಡಿದರು, 1945ರಲ್ಲಿ ಡಿರಾಕ್ ಬಳಿಗೆ ಕೇಂಬ್ರಿಜ್‌ಗೆ ಹೋದರು. ಆಮೇಲೆ ಅವರು ಕಟ್ಟಿದ್ದು ಮನೆಗಳ ಎಣಿಕೆ ಸಾಲದಾಗುವ ಅನಂತ ಗ್ರೂಪುಗಳ ಪ್ರಾತಿನಿಧ್ಯ ಸಿದ್ಧಾಂತ. ಕೋಷ್ಟಕಗಳಿಗೆ ಇನ್ನೂ ಹತ್ತಿರದವರು ಸಿ. ಎಸ್. ಶೇಷಾದ್ರಿ. ಜ್ಯಾಮಿತಿಯ ಕೆಲವು ಸಮೀಕರಣಗಳಿಗೆ ಕೋಷ್ಟಕಗಳೇ ಆಧಾರವಾಗುತ್ತವೆ ಎಂದು ಹಾಜ್ 1940ರ ದಶಕದಲ್ಲಿ ಕಂಡಿದ್ದನ್ನು ಶೇಷಾದ್ರಿ, ಲಕ್ಷ್ಮೀಬಾಯಿ ಮತ್ತು ಮುಸಿಲಿ ಬಹುದೂರ ವಿಸ್ತರಿಸಿದರು.

ಕೊನೆಯದಾಗಿ ಗುಣಾಕಾರದ ವಿಷಯ. ಅಂಗಳಗಳನ್ನು ಗುಣಿಸುವುದು ಎರಡು ರೀತಿ. ಒಂದು ರೀತಿಯಲ್ಲಿ ಬೇರೆ ಬೇರೆ ವಸ್ತುಗಳ ಎರಡು ಗುಂಪುಗಳನ್ನು ಸೇರಿಸಿ ದೊಡ್ಡ ಗುಂಪಿಗೆ ಹೋಗುತ್ತೇವೆ. ಆಗ ಯಾವ ಆಕೃತಿ ಎಷ್ಟು ಸಲ ಬರುತ್ತದೆ ಎಂದು ಹೇಳುವ ನಿಯಮವನ್ನು ಲಿಟಲ್‌ವುಡ್ ಮತ್ತು ರಿಚರ್ಡ್‌ಸನ್ 1934ರಲ್ಲಿ ಕೊಟ್ಟರು. ಅದೂ ಕೋಷ್ಟಕಗಳ ಎಣಿಕೆಯೇ. ಅದರ ಪೂರ್ಣ ಸಾಧನೆ ದೊರೆತದ್ದು 1970ರ ದಶಕದಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಮೇಲೆ.

ಇನ್ನೊಂದು ರೀತಿಯಲ್ಲಿ ವಸ್ತುಗಳು ಅವೇ. ಎರಡು ಅಂಗಳಗಳಲ್ಲಿ ಒಂದೇ ಅದಲುಬದಲನ್ನು ಒಟ್ಟಿಗೆ ನಡೆಸುತ್ತೇವೆ. ತ್ರಿಭುಜದ ಅಂಗಳವನ್ನು ಅದರಿಂದಲೇ ಗುಣಿಸಿದರೆ ನಾಲ್ಕು ಆಯಾಮಗಳು. ಅವು ಮೂರೂ ಆಕೃತಿಗಳಾಗಿ ಒಂದೊಂದು ಸಲ ಒಡೆಯುತ್ತವೆ: 4 = 1 + 2 + 1. ದೊಡ್ಡ ಆಕೃತಿಗಳಿಗೂ ಈ ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬಹುದು. ಅವನ್ನು ಕ್ರೋನೆಕರ್ ಗುಣಾಂಕಗಳು ಎನ್ನುತ್ತಾರೆ. ಮರ್ನಹನ್ 1938ರಲ್ಲಿ ಅವುಗಳ ಅಧ್ಯಯನ ಆರಂಭಿಸಿದರು. ಈ ಶತಮಾನದ ಮೊದಲಲ್ಲಿ ಕೇತನ್ ಮುಲ್ಮುಳೆ ಮತ್ತು ಮುಂಬಯಿಯ ಮಿಲಿಂದ್ ಸೋಹೋನಿ ಗಣಕ ವಿಜ್ಞಾನದ ಅತಿ ಕಠಿಣ ಪ್ರಶ್ನೆಯತ್ತ ಹೊಸ ದಾರಿ ಹಾಕಿದಾಗ ಆ ದಾರಿಯಲ್ಲೂ ಇವೇ ಎದುರಾದವು.

ಇವು ಯಾವಾಗಲೂ ಸೊನ್ನೆ ಅಥವಾ ಧನ ಪೂರ್ಣಾಂಕಗಳು, ಏಕೆಂದರೆ ಒಂದು ಅಂಗಳ ಎಷ್ಟು ಸಲ ಬರುತ್ತದೆ ಎಂಬುದು ಋಣವಾಗಲಾರದು. ಹಾಗಿದ್ದ ಮೇಲೆ ಎಲ್ಲೋ ಅಷ್ಟೇ ಸಂಖ್ಯೆಯ ಚಿತ್ರಗಳಿರಬೇಕು, ಅವನ್ನು ಕೈಯಾರೆ ಬರೆದು ಎಣಿಸಲು ಬರಬೇಕು ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಸಭೆಯ ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಇಲ್ಲಿ ಕೈಯೆತ್ತಿದಳು. ಫೋಟೋದಲ್ಲಿ ಎಣಿಸಿದ್ದು ಮಕ್ಕಳು ನಿಂತ ಬಗೆಗಳನ್ನು, ತ್ರಿಭುಜದಲ್ಲಿ ಎಣಿಸಿದ್ದು ದಿಕ್ಕುಗಳನ್ನು, ಹಾಗಾದರೆ ಇಲ್ಲಿ ಎಣಿಸಬೇಕಾದದ್ದು ಏನನ್ನು ಎಂದು ಕೇಳಿದಳು. ಕೆಲವು ವಿಶೇಷ ಆಕೃತಿಗಳಿಗೆ ಉತ್ತರ ಸಿಕ್ಕಿದೆ. ಎಲ್ಲ ಆಕೃತಿಗಳಿಗೂ ಒಪ್ಪುವ ಉತ್ತರವನ್ನು ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಯಾರೂ ಕೊಟ್ಟಿಲ್ಲ. ಆ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಹಲಗೆಯ ಮೇಲೆ ಬರೆದು, ಅಲ್ಲಿಗೆ ಉಪನ್ಯಾಸ ನಿಲ್ಲಿಸಿದೆ.